ತಾಯಮ್ಮನ ಬೊಂಬಿನಂಗಡಿ

ನಮ್ಮ ಮನೆಯಲ್ಲಿ ಈಗ ದಿನಸಿ ಚೀಟಿ ಬರೆಯುವುದು ಮಗಳ ಲಗ್ನಪತ್ರಿಕೆಯ ಹಿಂಬದಿಯಲ್ಲಿ. ಐನೂರು ಸಾಕು ಎಂದು ನಾನು ಬಡಕೊಂಡರೂ ಕೇಳದೆ ನಮ್ಮ ಮನೆಯವರು ಏಳುನೂರು ಅಚ್ಚು ಹಾಕಿಸಿದರು. ಮದುವೆ ಮುಗಿದು ಎರಡು ತಿಂಗಳಾದರೂ ಅಕ್ಕಿ ಡ್ರಮ್ಮಿನ ಪಕ್ಕ ಒಂದು ಕಟ್ಟು ಹಾಗೇ ಕೂತಿದೆ. ಎಸೆಯೋಣವೆಂದರೆ ಗಣಪತಿಯ ಚಿತ್ರ ಇದೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಹಾಗಾಗಿ ವಾರಕ್ಕೊಂದು ಪತ್ರಿಕೆ ತೆಗೆದು, ಗಣಪತಿಯನ್ನು ಬೋರಲು ಹಾಕಿ, ತಪ್ಪಾಯಿತಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡು, ತೊಗರಿಬೇಳೆ, ಸಾಸಿವೆ, ಪಾತ್ರೆ ಸೋಪು ಎಂದು ಬರೆಯುತ್ತೇನೆ.

ಮೊನ್ನೆ ಆ ಕಟ್ಟಿನ ತಳದಿಂದ ಮೂರು ಲಕೋಟೆಗಳು ಕೈಗೆ ಬಂದವು. ಮೂರರ ಮೇಲೂ ನನ್ನದೇ ಅಕ್ಷರ. ಒಂದರಲ್ಲಿ ‘ಶ್ರೀಮತಿ ತಾಯಮ್ಮನವರಿಗೆ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೇನೆ. ಇನ್ನೊಂದರಲ್ಲಿ ಅದರ ಕೆಳಗೆ ‘ಬೊಂಬಿನಂಗಡಿ’ ಎಂದು ಬರೆದು, ಅದರ ಮೇಲೆ ಅಡ್ಡಗೆರೆ ಎಳೆದಿದ್ದೇನೆ. ಮೂರನೆಯದರಲ್ಲಿ ‘ತಾಯಮ್ಮ ಮತ್ತು ಕುಟುಂಬದವರಿಗೆ’ ಎಂದಿದೆ. ಅವರಿಗೆ ಕುಟುಂಬ ಅಂತ ಯಾರಿದ್ದಾರೆ ಎಂದು ಬರೆದಾದ ಮೇಲೆ ಹೊಳೆದು, ಅದನ್ನೂ ಮಡಚಿ ಒಳಗೆ ತುರುಕಿದ್ದೆ. ಮದುವೆಗೆ ಮುಂಚೆ ಎಂಟು ದಿನ ತಾಯಮ್ಮನ ಪತ್ರಿಕೆ ನಮ್ಮ ಫ್ರಿಜ್ಜಿನ ಮೇಲೆ ಕೂತಿತ್ತು. ಕರೆಯಬೇಕೋ ಬೇಡವೋ ಎಂಬುದು ತೀರ್ಮಾನವಾಗಿರಲಿಲ್ಲ. ತಾಯಮ್ಮನ ಅಂಗಡಿ ಇರುವುದು ನಮ್ಮ ಬಾಗಿಲಿಗೆ ಸರಿಯಾಗಿ ಎದುರು, ಹದಿನೈದು ಹೆಜ್ಜೆ ಆಚೆ.

ಮಂಡ್ಯದ ಗುತ್ತಲಿನಲ್ಲಿ ನಮ್ಮ ಬೀದಿಯವರು ಅದನ್ನು ಬೊಂಬಿನಂಗಡಿ ಎನ್ನುತ್ತೇವೆ. ಹೊರಗಿನವರು ಚಟ್ಟದ ಅಂಗಡಿ ಎನ್ನುತ್ತಾರೆ. ಎರಡೂ ಒಂದೇ. ಸತ್ತವರನ್ನು ಹೊರುವ ಚಟ್ಟ ಕಟ್ಟಲು ಬೇಕಾದ ಬೊಂಬು, ತೆಂಗಿನ ಗರಿ, ನಾರಿನ ಹಗ್ಗ, ಮಡಕೆ, ಬಿಳಿ ಬಟ್ಟೆ, ಊದುಬತ್ತಿ, ದಾರಿಯುದ್ದಕ್ಕೂ ಚೆಲ್ಲುವ ಪುರಿ, ಎಲ್ಲವೂ ಅಲ್ಲಿ ಸಿಗುತ್ತದೆ. ಈಗ ಐದಾರು ವರ್ಷದಿಂದ ದೇಹ ಇಡುವ ಗಾಜಿನ ಫ್ರೀಜರ್ ಪೆಟ್ಟಿಗೆಯೂ ಬಂದಿದೆ. ನನ್ನ ತವರು ಬಸರಾಳಿನ ಕಡೆಯ ಒಂದು ಹಳ್ಳಿ. ಅಲ್ಲಿ ಯಾರಾದರೂ ತೀರಿಕೊಂಡರೆ ತೋಟಕ್ಕೆ ಹೋಗಿ ಬೊಂಬು ಕಡಿದು ತರುತ್ತಿದ್ದರು. ಇದಕ್ಕೂ ಒಂದು ಅಂಗಡಿ ಇರುತ್ತದೆ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಇಲ್ಲಿಗೆ ಬಂದ ದಿನ. ಹೊಸ್ತಿಲಲ್ಲಿ ಆರತಿಗೆ ನಿಂತಿದ್ದೇನೆ, ಬೆನ್ನ ಹಿಂದೆ ಯಾರೋ ಬೊಂಬು ಸೀಳುತ್ತಿದ್ದಾರೆ, ಚರಕ್ ಚರಕ್ ಎಂದು. ಮಾರನೆಯ ಬೆಳಿಗ್ಗೆ ಅತ್ತೆ ಹೇಳಿದ್ದು ಒಂದೇ ಮಾತು: “ಎದ್ದ ತಕ್ಸಣ ಅತ್ಲಾಗ್ ನೋಡ್ಬ್ಯಾಡ ಕಣಮ್ಮ.”

ಆ ಒಂದು ಮಾತಿನ ಮೇಲೆ ನಾನು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೆ. ಮುಂಜಾನೆ ಬಾಗಿಲಿಗೆ ನೀರು ಹಾಕುವಾಗ ಬೀದಿಗೆ ಬೆನ್ನು ಮಾಡಿಯೇ ಹಾಕುತ್ತಿದ್ದೆ. ಆಟೋದವರು “ಎಲ್ಲಿ ಅಕ್ಕಾ, ಚಟ್ಟದ ಅಂಗಡಿ ಎದ್ರಾ?” ಎಂದು ಕೇಳಿದರೆ “ಇಲ್ಲ, ಹಾಲಿನ ಬೂತ್ ಹತ್ರ” ಎಂದು ಹೇಳಿ, ಬೂತಿನ ಹತ್ತಿರ ಇಳಿದು, ಎರಡು ಚೀಲ ತರಕಾರಿ ಹೊತ್ತುಕೊಂಡು ಅರ್ಧ ಬೀದಿ ನಡೆದು ಬರುತ್ತಿದ್ದೆ. ಯಾವ ಆಟೋದವನನ್ನು ನಂಬಿಸಲು ಈ ಕಷ್ಟ ಎಂದು ಒಂದು ದಿನವೂ ಯೋಚಿಸಲಿಲ್ಲ.

ಕಟ್ಟಡ ಮಾತ್ರ ಚೆಂದ. ನೀವು ಹಳೆಯ ಮಂಡ್ಯದಲ್ಲಿ ಓಡಾಡಿದವರಾದರೆ ಅಂಥವನ್ನು ನೋಡಿರುತ್ತೀರಿ. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಗಾರೆ, ಮಂಗಳೂರು ಹೆಂಚು, ಮುಂದೆ ಕಲ್ಲು ಚಪ್ಪಡಿಯ ಜಗಲಿ, ಜಗಲಿಗೆ ಎರಡು ಮರದ ಕಂಬ. ಅದು ಮೊದಲು ಬೆಲ್ಲದ ಮಂಡಿಯಾಗಿತ್ತಂತೆ. ಆಲೆಮನೆಗಳಿಂದ ಗಾಡಿಯಲ್ಲಿ ಬಂದ ಬೆಲ್ಲವನ್ನು ಅಲ್ಲಿ ತೂಗಿ, ಪೇರಿಸಿ, ಮದ್ದೂರು ಕಡೆಗೂ ಅದರಾಚೆಗೂ ಕಳಿಸುತ್ತಿದ್ದರಂತೆ. ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ ಇವತ್ತಿಗೂ ತೊಲೆಯಲ್ಲಿದೆ. ತಾಯಮ್ಮ ಅದಕ್ಕೆ ಹಗ್ಗದ ಸುರುಳಿಗಳನ್ನು ನೇತುಹಾಕುತ್ತಾರೆ. ಆ ಬೆಲ್ಲ ಎಷ್ಟು ಕಾಲದಿಂದ ನೆಲಕ್ಕೂ ಗೋಡೆಗೂ ಇಳಿದಿದೆಯೋ, ಮಳೆಗಾಲದಲ್ಲಿ ಚಪ್ಪಡಿ ಬೆವರುತ್ತದೆ, ಬೆರಳಿಟ್ಟರೆ ಅಂಟು. ಗೋಡೆಯ ಬಿರುಕಿನಿಂದ ಸಾಲುಸಾಲು ಇರುವೆ ಹೊರಡುತ್ತವೆ. ಊದುಬತ್ತಿಯ ವಾಸನೆ, ಹಸಿ ಬೊಂಬಿನ ವಾಸನೆ, ಅದರ ಅಡಿಯಲ್ಲಿ ಹಳೆಯ ಬೆಲ್ಲದ ವಾಸನೆ. ಶ್ರಾವಣದಲ್ಲಿ ನಮ್ಮ ಮನೆಯವರೆಗೂ ಬರುತ್ತದೆ. ನಾನು ಬಸುರಿಯಾಗಿದ್ದಾಗ ಆ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಬೆಲ್ಲದ ವ್ಯಾಪಾರ ದೊಡ್ಡ ಮಾರುಕಟ್ಟೆಗೆ ಹೋದ ಮೇಲೆ ಕಟ್ಟಡ ಖಾಲಿ ಬಿತ್ತು. ಸ್ವಲ್ಪ ಕಾಲ ಬಾಡಿಗೆ ಸೈಕಲ್ ಅಂಗಡಿಯಾಯಿತು. ಆಮೇಲೆ ತಾಯಮ್ಮನ ಗಂಡ ಸಿದ್ದೇಗೌಡರು ಅಲ್ಲಿ ಬೊಂಬು ತಂದು ಹಾಕಿದರು. ಇದು ಎಲ್ಲರೂ ಮರೆತಿರುವ ಸಂಗತಿ: ಅವರು ಶುರು ಮಾಡಿದ್ದು ಬರೀ ಬೊಂಬಿನ ವ್ಯಾಪಾರ. ಏಣಿಗೆ, ಅವರೆ ಚಪ್ಪರಕ್ಕೆ, ಬಟ್ಟೆ ಒಣಗಿಸುವ ಗಳಕ್ಕೆ, ಮದುವೆ ಮನೆಯ ಚಪ್ಪರಕ್ಕೆ. ಒಂದು ದಿನ ಬೀದಿಯ ದೊಡ್ಡ ಮನುಷ್ಯರೊಬ್ಬರು ತೀರಿಕೊಂಡಾಗ, ಹಳ್ಳಿಯಿಂದ ಬೊಂಬು ತರಿಸುವುದಕ್ಕೆ ಹೊತ್ತಾಯಿತೆಂದು ಎದುರಿಗಿದ್ದ ಅಂಗಡಿಯಿಂದಲೇ ಎರಡು ಬೊಂಬು ಎತ್ತಿಕೊಂಡರು. ಸಿದ್ದೇಗೌಡರು ತಾವೇ ನಿಂತು ಚಟ್ಟ ಕಟ್ಟಿಕೊಟ್ಟರು.

“ಅವತ್ತಿಂದ ಮದ್ವೆ ಮನೇರು ಒಬ್ರಾದ್ರೂ ಬಂದ್ರೆ ಕೇಳು,” ಎಂದು ತಾಯಮ್ಮ ಒಮ್ಮೆ ನಗುತ್ತ ಹೇಳಿದ್ದರು. “ಸಾವಿನ್ ಮನೇರು ಮಾತ್ರ ಬಂದ್ರು. ಅಂಗಡಿ ಏನ್ ಮಾರ್ಬೇಕು ಅಂತ ನಾವ್ ಯೋಳ್ನಿಲ್ಲ ಕಣವ್ವ, ಊರೋರ್ ಯೋಳುದ್ರು.”

ನಾನು ಬಂದ ಮೂರನೆಯ ವರ್ಷ ಸಿದ್ದೇಗೌಡರು ತೀರಿಕೊಂಡರು. ಚಟ್ಟ ಕಟ್ಟುವವರೇ ಹೋದರೆ ಕಟ್ಟುವವರು ಯಾರು? ನೆರೆದ ಗಂಡಸರು ಹಗ್ಗ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾರೋ ಹಾಕಿದ ಗಂಟು ಎತ್ತಿದ ಕೂಡಲೇ ಜಾರಿತು. ಒಳಗೆ ಅಳುತ್ತ ಕೂತಿದ್ದ ತಾಯಮ್ಮ ಎದ್ದು ಬಂದರು. “ಬುಡಿ ಅತ್ಲಾಗೆ” ಎಂದು ಹಗ್ಗ ಕಿತ್ತುಕೊಂಡು, ಜಗಲಿಯ ಮೇಲೆ ಕೂತು, ಗಂಡನ ಚಟ್ಟವನ್ನು ತಾವೇ ಕಟ್ಟಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹನ್ನೊಂದನೆಯ ದಿನ ಕಳೆದ ಮೇಲೆ ಅಂಗಡಿ ತೆರೆಯಿತು. ತೆರೆಯಿತು ಎನ್ನುವುದೂ ಮಾತಿಗೆ, ಅದಕ್ಕೆ ಬಾಗಿಲೇ ಇಲ್ಲ. ಬೆಲ್ಲದ ಕಾಲದ ಹಲಗೆ ಬಾಗಿಲು ಸೈಕಲ್ ಅಂಗಡಿಯ ಕಾಲದಲ್ಲೇ ಒಲೆಗೆ ಹೋಗಿತ್ತು.

ಅಂಗಡಿಗೆ ಕೆಲವು ಕಟ್ಟುಪಾಡುಗಳಿವೆ. ಬಂದವರಿಗೆ ‘ಬನ್ನಿ’ ಎನ್ನುವುದಿಲ್ಲ. ಹೋಗುವವರಿಗೆ ‘ಹೋಗಿ ಬನ್ನಿ’ ಎನ್ನುವುದಿಲ್ಲ. ಸಾವಿನ ಮನೆಯಿಂದ ಹೊರಡುವಾಗ ನಾವು ಬರುತ್ತೇನೆ ಎನ್ನದೆ ಸುಮ್ಮನೆ ಎದ್ದು ಹೋಗುತ್ತೇವಲ್ಲ, ಹಾಗೆಯೇ. ಎಷ್ಟು ಅಭ್ಯಾಸವಾಗಿದೆಯೆಂದರೆ, ಬೀದಿಯಲ್ಲಿ ಹುಣಸೆಹಣ್ಣಿನವಳು ಕೂಗಿದರೂ ತಾಯಮ್ಮ ಕೈಬೀಸಿ ಕರೆಯುತ್ತಾರೆಯೇ ಹೊರತು ಬಾ ಎನ್ನುವುದಿಲ್ಲ.

ಇನ್ನೊಂದು ಅಳತೆಯದು. ತೀರಿಕೊಂಡವರು ಎಷ್ಟು ಉದ್ದ ಎಂದು ಕೇಳಿದರೆ ಬಂದವರು ಪಾಪ ಏನು ಹೇಳಬೇಕು? ‘ನನ್ನಷ್ಟು’ ಎನ್ನುವ ಹಾಗಿಲ್ಲ, ‘ನಮ್ಮ ಚಿಕ್ಕಪ್ಪನಷ್ಟು’ ಎಂದು ಪಕ್ಕದಲ್ಲಿ ನಿಂತ ಜೀವಂತ ಚಿಕ್ಕಪ್ಪನನ್ನು ತೋರಿಸುವ ಹಾಗೂ ಇಲ್ಲ. ಅದಕ್ಕೇ ಸಿದ್ದೇಗೌಡರು ಜಗಲಿಯ ಎಡಗಂಬದ ಮೇಲೆ ಉಳಿಯಿಂದ ಐದು ಗೆರೆ ಕೊರೆದಿದ್ದರು. ಬಂದವರು ಬಾಯಿ ಬಿಡದೆ ಒಂದು ಗೆರೆಯನ್ನು ಬೆರಳಲ್ಲಿ ತೋರಿಸಿದರೆ ಸಾಕು.

ನನ್ನ ಮಗಳು ರಮ್ಯಳಿಗೆ ಆರೋ ಏಳೋ ಆಗಿದ್ದಾಗ ಒಂದು ಸಂಜೆ ಓಡಿ ಬಂದು, “ಅಮ್ಮಾ, ನಾನು ಮೊದಲನೇ ಗೆರೆ ಮುಟ್ಟಿಬಿಟ್ಟೆ!” ಎಂದಳು. ಬೀದಿಯ ಮಕ್ಕಳೆಲ್ಲ ವರ್ಷದಿಂದ ಆ ಕಂಬಕ್ಕೆ ಬೆನ್ನು ಕೊಟ್ಟು ಎತ್ತರ ನೋಡಿಕೊಳ್ಳುತ್ತಿದ್ದರಂತೆ. ಮಗಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ತಲೆಗೆ ನೀರು ಹಾಕಿದೆ, ಉಪ್ಪು ಮೆಣಸಿನಕಾಯಿ ನೀವಾಳಿಸಿದೆ. ಅತ್ತೆ ಏನೇ ಅದು ಘಾಟು ಎಂದು ಕೆಮ್ಮುತ್ತ ಕೇಳಿದ್ದಕ್ಕೆ ಒಗ್ಗರಣೆ ಸೀದುಹೋಯಿತು ಎಂದೆ. ನಿಜ ಹೇಳಿದರೆ ರಂಪವಾಗುತ್ತದೆ ಎಂದು ನಾನೇ ತೀರ್ಮಾನ ಮಾಡಿದ್ದೆ. ತಾಯಮ್ಮನಿಗೆ ಮಕ್ಕಳ ಆಟ ಹೇಗೋ ಗೊತ್ತಾಗಿ, ಮಾರನೆಯ ದಿನವೇ ಆ ಕಂಬಕ್ಕೆ ಗೋಣಿಚೀಲ ಸುತ್ತಿದರು. ಬಲಗಂಬದ ಮೇಲೆ ಸುಣ್ಣದಲ್ಲಿ ಬೇರೆ ಗೆರೆ ಎಳೆದು, “ಇದು ನಿಮ್ದು ಕಣ್ರಲಾ ಐಕ್ಳ, ಅದ್ನ ಮುಟ್ಟೀರಿ ಜೋಕೆ” ಎಂದರಂತೆ.

ಮೂರನೆಯ ಕಟ್ಟುಪಾಡು, ಹೊರಗೆ ಹೋದ ಸಾಮಾನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಇದರಿಂದ ಒಮ್ಮೆ ಫಜೀತಿಯಾಯಿತು. ಹಿಂದಿನ ಬೀದಿಯ ನಿವೃತ್ತ ಹೆಡ್‌ಮಾಸ್ತರರು ಉಸಿರು ನಿಲ್ಲಿಸಿದರೆಂದು ಮನೆಯವರು ಅಳುತ್ತ ಬಂದು ಬೊಂಬು, ಗರಿ, ಮಡಕೆ ಎಲ್ಲ ಕೊಂಡುಹೋದರು. ಬೀದಿ ದಾಟುವಷ್ಟರಲ್ಲಿ ಮಾಸ್ತರರು ಕಣ್ಣುಬಿಟ್ಟು ಕಾಫಿ ಕೇಳಿದ್ದರು. ಈಗ ಸಾಮಾನು ಏನು ಮಾಡುವುದು? ಬದುಕಿರುವವರ ಮನೆಯೊಳಗೆ ಒಯ್ಯುವ ಹಾಗಿಲ್ಲ, ಅಂಗಡಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಎರಡು ದಿನ ಎರಡು ಬೊಂಬು ಬೀದಿಯ ತಿರುವಿನಲ್ಲಿ ಗೋಡೆಗೆ ಒರಗಿಕೊಂಡು ನಿಂತಿದ್ದವು. ಜನ ಆ ಕಡೆ ಹೋಗುವುದನ್ನೇ ಬಿಟ್ಟರು. ಕೊನೆಗೆ ತಾಯಮ್ಮನೇ ಹೋಗಿ ಹೊತ್ತು ತಂದು, ಅಂಗಡಿಯ ಹಿಂದಿನ ಜಾಗದಲ್ಲಿ ಹೀರೆಬಳ್ಳಿಗೆ ಚಪ್ಪರ ಹಾಕಿದರು. ಬಳ್ಳಿ ಆ ವರ್ಷ ಹಬ್ಬಿದ್ದು ಅಷ್ಟಿಷ್ಟಲ್ಲ. ಮಾಸ್ತರರು ಕೋಲು ಊರಿಕೊಂಡು ಬಂದು, “ಏನಮ್ಮಾ, ನನ್ನ ಚಪ್ಪರದಲ್ಲಿ ಕಾಯಿ ಬಿಟ್ಟಿದೆಯಾ?” ಎಂದು ಕೇಳಿ ತೆಗೆದುಕೊಂಡು ಹೋಗುತ್ತಿದ್ದರು.

ಇಷ್ಟೆಲ್ಲ ಹತ್ತಿರದಿಂದ ನೋಡಿದ್ದೇನೆ. ಆದರೆ ತಾಯಮ್ಮ ನಮ್ಮ ಮನೆಯೊಳಗೆ ಕಾಲಿಟ್ಟದ್ದು ಒಂದೇ ಸಲ, ನಮ್ಮ ಮಾವ ತೀರಿಕೊಂಡ ದಿನ. ಆವತ್ತು ಏನು ಎಲ್ಲಿಡಬೇಕು, ಯಾವ ಕಡೆಗೆ ತಲೆ, ದೀಪಕ್ಕೆ ಯಾವ ಎಣ್ಣೆ, ಎಲ್ಲ ಅವರೇ ಹೇಳಿ ಮಾಡಿಸಿದರು. ಮಿಕ್ಕ ದಿನಗಳಲ್ಲಿ ನಮ್ಮ ಮಾತೆಲ್ಲ ಬೀದಿಯ ಈಚೆ ಒಬ್ಬರು, ಆಚೆ ಒಬ್ಬರು ನಿಂತು. ವರಮಹಾಲಕ್ಷ್ಮಿಗೆ ಕರೆಯಲಿಲ್ಲ, ಮಗಳ ನಾಮಕರಣಕ್ಕೆ ಕರೆಯಲಿಲ್ಲ. ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಂಡರೆ ಉತ್ತರ ಸಿದ್ಧವಾಗಿತ್ತು: ಅತ್ತೆ ಒಪ್ಪುವುದಿಲ್ಲ.

ರಮ್ಯಳ ಮದುವೆ ಗೊತ್ತಾದಾಗ ಮಾತ್ರ ಈ ಉತ್ತರ ಸಾಲದಾಯಿತು. ಅವಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ನಾನು ಒಳಗೆ ಬಂದುಬಿಡುತ್ತಿದ್ದೆ. ವ್ಯಾನು ತಿರುವು ದಾಟುವವರೆಗೂ ನಿಂತು ನೋಡುತ್ತಿದ್ದದ್ದು ತಾಯಮ್ಮ. ಕರೆಯುವವರ ಪಟ್ಟಿ ಬರೆಯುತ್ತ ಕೂತಾಗ ನಮ್ಮ ಮನೆಯವರನ್ನು ಕೇಳಿದೆ.

“ಎದುರುಗಡೆಯವರನ್ನ?”

ಅವರು ಕನ್ನಡಕ ತೆಗೆದು ಒರೆಸಿದರು. “ಕರೆದ್ರೆ ತಪ್ಪೇನಿಲ್ಲ. ಆದ್ರೆ ಗಂಡಿನ ಕಡೆಯವರು ಮಳವಳ್ಳಿಯವರು, ಹಳೇ ಪದ್ಧತಿ ಜನ. ಅಮ್ಮ ಬೇರೆ. ನೋಡು, ನಿಂಗೆ ಹೆಂಗೆ ತೋಚುತ್ತೋ ಹಂಗೆ ಮಾಡು.”

ಗಂಡಸರು ಹೀಗೆ ಹೇಳಿದರೆ ಜವಾಬ್ದಾರಿ ನಮ್ಮ ತಲೆಗೆ ಬಂತೆಂದು ಅರ್ಥ. ಪತ್ರಿಕೆ ಫ್ರಿಜ್ಜಿನ ಮೇಲೆ ಕೂತಿತು. ಮೂರು ಲಕೋಟೆ ಹಾಳಾದವು. ಎಂಟನೆಯ ದಿನ ಮಧ್ಯಾಹ್ನ, ಅತ್ತೆ ಮಲಗಿದ್ದ ಹೊತ್ತು ನೋಡಿ, ಹೆಸರು ಬರೆಯದ ಲಕೋಟೆಯನ್ನೇ ಸೆರಗಿನ ಕೆಳಗೆ ಇಟ್ಟುಕೊಂಡು ಬೀದಿ ದಾಟಿದೆ. ಗಂಡ ಹೆಂಡತಿ ಜೋಡಿಯಾಗಿ ಹೋಗಿ ಕುಂಕುಮ ಕೊಟ್ಟು ಕರೆಯುವುದು ಕ್ರಮ. ನಾನು ಕದ್ದ ಮಾಲು ಸಾಗಿಸುವವಳ ಹಾಗೆ ಹೋದೆ.

ತಾಯಮ್ಮ ಜಗಲಿಯ ಮೇಲೆ ಚಟ್ಟದ ಅಡ್ಡಪಟ್ಟಿಗಳಿಗೆ ಬೊಂಬು ಸೀಳುತ್ತಿದ್ದರು. ನನ್ನ ಸೆರಗಿನಿಂದ ಇಣುಕುತ್ತಿದ್ದ ಅರಿಶಿನದ ಮೂಲೆ ಕಂಡದ್ದೇ ಮಚ್ಚು ಕೆಳಗಿಟ್ಟರು.

“ಅಲ್ಲೇ ನಿಂತ್ಕ. ಅದ್ನ ಜಗ್ಲಿ ಮ್ಯಾಕ್ ತರ್ಬ್ಯಾಡ.”

ಒಳಗೆ ಹೋಗಿ ಕೈಕಾಲು ಮುಖ ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಬೀದಿಯ ನಟ್ಟನಡುವೆ ಬಂದು ನಿಂತರು. ಒಬ್ಬ ಸ್ಕೂಟರಿನವನು ಹಾರನ್ ಹೊಡೆದ.

“ಸುತ್ಕೊಂಡ್ ಓಗಯ್ಯ, ಇಲ್ಲಿ ಮದ್ವೆ ಮಾತು ನಡೀತಾ ಅದೆ,” ಎಂದರು ತಾಯಮ್ಮ. ಆಮೇಲೆ ಎರಡೂ ಕೈಯಲ್ಲಿ ಲಕೋಟೆ ತೆಗೆದುಕೊಂಡು ತಿರುಗಿಸಿ ನೋಡಿದರು. “ಎಸ್ರೇ ಬರ್ದಿಲ್ವಲ್ಲ ಸುಸೀಲ. ಎಲ್ಲಾರ್‍ಗೂ ಕೊಟ್ಟು ಉಳ್ದಿದ್ದಾ?”

“ಇಲ್ಲ ತಾಯಕ್ಕ. ಏನಂತ ಬರೀಬೇಕೋ ಗೊತ್ತಾಗಲಿಲ್ಲ.”

“ಇಪ್ಪತ್ತೆಂಟು ವರ್ಸದಿಂದ ಎದ್ರುಗೇ ಕುಂತಿವ್ನಿ.”

ಕೋಪದಿಂದ ಹೇಳಲಿಲ್ಲ. ಮಳೆ ಬರುವ ಹಾಗಿದೆ ಎನ್ನುವ ಧಾಟಿಯಲ್ಲಿ ಹೇಳಿದರು. “ದೊಡ್ಡತಾಯಮ್ಮ ಅಂತ ಬರಿ. ನಮ್ಮಪ್ಪ ಮಡಗಿದ್ದು. ದೊಡ್ಡ ಅನ್ನಾದ್ನ ಊರೋರು ತಿಂದಾಕುದ್ರು.”

ನನ್ನ ಹತ್ತಿರ ಪೆನ್ನು ಇರಲಿಲ್ಲ. ಅವರ ಕಿವಿಯ ಮೇಲೆ ಬೊಂಬಿಗೆ ಗುರುತು ಹಾಕುವ ಪೆನ್ಸಿಲ್ ಇತ್ತು, ಕೈ ಚಾಚಿದೆ. “ಇದ್ರಲ್ಲಿ ಬ್ಯಾಡ” ಎಂದು ಹಿಂದೆ ಸರಿದರು. ಮನೆಗೆ ಓಡಿ ಹೋಗಿ ಪೆನ್ನು ತಂದು, ಎಡ ಅಂಗೈಯ ಮೇಲೆ ಲಕೋಟೆ ಇಟ್ಟುಕೊಂಡು, ‘ಶ್ರೀಮತಿ ದೊಡ್ಡತಾಯಮ್ಮನವರಿಗೆ’ ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು.

“ಊಂ, ಈಗ ಕರಿ.”

ಕರೆಯಬೇಕೆಂದು ಬಾಯಿ ತೆರೆದರೆ ಆ ಒಂದು ಶಬ್ದ ಬರುತ್ತಿಲ್ಲ. ಆ ಅಂಗಡಿಯ ಮುಂದೆ ನಿಂತು ಅದನ್ನು ಆಡದೇ ಇದ್ದು ಇದ್ದು ನಾಲಿಗೆಗೇ ಅಭ್ಯಾಸವಾಗಿಬಿಟ್ಟಿತ್ತು.

“ಬೀದೀಲಿ ನಿಂತಿವ್ನಿ, ಅಂಗಡೀಲಲ್ಲ,” ಎಂದರು ತಾಯಮ್ಮ. “ಬಾಯ್ಬುಟ್ ಕರಿ.”

“ಮದುವೆಗೆ ಬನ್ನಿ, ತಾಯಕ್ಕ.”

ಅವರು ಲಕೋಟೆಯಿಂದ ಪತ್ರಿಕೆ ತೆಗೆದು ಕಣ್ಣಿಗೆ ಒತ್ತಿಕೊಂಡರು. ಗಣಪತಿಯನ್ನೇ ನೋಡುತ್ತ ಹೇಳಿದರು, “ಧಾರೆಗೆ ನಾನ್ ಬ್ಯಾಡ ಬುಡು. ತಾಳಿ ಕಟ್ಟೋ ಒತ್ನಲ್ಲಿ ಬೀಗರ್ ಕಣ್ಗೆ ನನ್ ಮಖ ಯಾಕೆ? ಬೀಗರ್ ಔತಣಕ್ಕೆ ಬತ್ತೀನಿ. ಕುರಿ ಎಲ್ಲಿಂದು?”

“ಬಂಡೂರು ಕುರಿ, ಹೇಳಿದ್ದೀವಿ.”

“ಎಲ್ಲಾರೂ ಬಂಡೂರು ಅಂತ್ಲೇ ಯೋಳದು. ಮಂಡ್ಯದೋರ್ ತಿಂದಿರೋ ಬಂಡೂರ್ ಕುರೀನೆಲ್ಲ ಒಂದ್ಕಡೆ ಸೇರ್ಸುದ್ರೆ ಆ ಊರಲ್ಲಿ ಜನ ನಿಲ್ಲಾಕ್ ಜಾಗ ಇರಾಕಿಲ್ಲ ಕಣವ್ವ.”

ಇಬ್ಬರೂ ನಕ್ಕೆವು. “ಆಯ್ತು ತಾಯಕ್ಕ” ಎಂದೆ. ಅಷ್ಟು ಬೇಗ ಅನ್ನಬಾರದಾಗಿತ್ತು. ಇಲ್ಲ, ಧಾರೆಗೇ ಬರಬೇಕು ಎಂದು ಎರಡನೆಯ ಸಲ ಹೇಳಬೇಕಿತ್ತು, ಕೈ ಹಿಡಿದು ಹೇಳಬೇಕಿತ್ತು. ಮೊದಲ ಸಲಕ್ಕೆ ಬೇಡ ಎನ್ನುವುದು, ಎರಡನೆಯ ಸಲ ಕರೆಸಿಕೊಳ್ಳುವುದು ನಮ್ಮ ಕಡೆಯ ಮರ್ಯಾದೆ. ಊಟಕ್ಕೆ ಕೂತವರಿಗೆ ಬಡಿಸುವಾಗಲೂ ನಾವು ಅದನ್ನೇ ತಾನೆ ಮಾಡುವುದು? ನನಗೆ ಅದು ಗೊತ್ತಿರಲಿಲ್ಲವೆಂದಲ್ಲ. ಎದೆಯ ಮೇಲಿನ ಭಾರ ಇಳಿದು ಹಗುರವಾಗಿತ್ತು. ಕರೆದ ಹಾಗೂ ಆಯಿತು, ಬರದ ಹಾಗೂ ಆಯಿತು. ಬೀದಿ ದಾಟಿ ವಾಪಸ್ಸು ಬರುವಾಗ ಗುನುಗುತ್ತಿದ್ದೆ. ಆ ಗುನುಗು ನೆನೆಸಿಕೊಂಡರೆ ಈಗ ಮುಖ ಬಿಸಿಯಾಗುತ್ತದೆ.

ಮದುವೆ ದಿನ ಬೆಳಿಗ್ಗೆ ಛತ್ರದಲ್ಲಿ ಎಲ್ಲ ಸಜ್ಜಾಗಿದೆ, ಕಾಲುಂಗುರದ ಡಬ್ಬಿ ಇಲ್ಲ. ದೇವರ ಗೂಡಿನಲ್ಲಿ ಇಟ್ಟು, ಮರೆಯಬಾರದು ಎಂದು ಮೂರು ಸಲ ಹೇಳಿಕೊಂಡು, ಮರೆತು ಬಂದಿದ್ದೆ. ಮನೆಯ ಬೀಗ ತೆಗೆಯುವ ಉಪಾಯ ನನಗೊಬ್ಬಳಿಗೇ ಗೊತ್ತು. ಆಟೋ ಹತ್ತಿ ಮನೆಗೆ ಓಡಿ ಬಂದೆ. ಮುಹೂರ್ತಕ್ಕೆ ಇನ್ನು ಮುಕ್ಕಾಲು ಗಂಟೆ. ಡಬ್ಬಿ ಹಿಡಿದು ಹೊರಗೆ ಬಂದಾಗ ಎದುರಿಗೆ ನೋಡಿದೆ.

ತಾಯಮ್ಮ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಬೊಂಬು ಸೀಳಿದ ಗುರುತೂ ಇರಲಿಲ್ಲ. ಮೈಮೇಲೆ ಗಿಣಿಹಸಿರು ಬಣ್ಣದ ಹೊಸ ಸೀರೆ. ಎಷ್ಟು ಹೊಸದೆಂದರೆ ಅಂಗಡಿಯವರು ಮಡಿಸಿದ ಗೆರೆಗಳು ಇನ್ನೂ ಹಾಗೇ ನಿಂತಿದ್ದವು. ತಲೆ ಬಾಚಿ, ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು.

“ಏನ್ ಮರ್ತೋಗಿದ್ದವ್ವ?”

“ಕಾಲುಂಗುರ.”

“ಓಗು ಓಗು, ಒತ್ತಾಯ್ತದೆ.”

ಆಟೋದಲ್ಲಿ ನನ್ನ ಪಕ್ಕ ಜಾಗವಿತ್ತು. ನಾನು ಹತ್ತಿದೆ, ಆಟೋ ಹೊರಟಿತು. ತಿರುವಿನಲ್ಲಿ ತಿರುಗಿ ನೋಡಿದರೆ ಆ ಹಸಿರು ಇನ್ನೂ ಕಾಣುತ್ತಿತ್ತು. ಧಾರೆಯಲ್ಲಿ ಬಂದವರೆಲ್ಲ ಸಾಲಾಗಿ ನಿಂತು ಗಂಡುಹೆಣ್ಣಿನ ಕೈಮೇಲೆ ಹಾಲೆರೆದರು. ನನಗೆ ಹೆಸರೇ ಗೊತ್ತಿಲ್ಲದ, ನಮ್ಮ ಮನೆಯವರ ಆಫೀಸಿನ ಯಾರ ಯಾರೋ ಎರೆದರು. ನಾನು ಅಳುತ್ತಿದ್ದೆ. ಹೆಣ್ಣು ಹೆತ್ತವಳು ಅಳುವುದು ಸಹಜ ಎಂದು ಯಾರೂ ಏನೂ ಕೇಳಲಿಲ್ಲ.

ಮೂರನೆಯ ದಿನ ಬೀಗರ ಔತಣ, ನಮ್ಮ ಮನೆಯ ಮುಂದೆಯೇ. ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿಸಿ ಟೇಬಲ್ಲು ಜೋಡಿಸಿದ್ದೆವು. ಮಳವಳ್ಳಿಯಿಂದ ಎರಡು ಬಸ್ಸು ಜನ ಬಂದರು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೈಮಾ ಉಂಡೆ. ಊಟದ ಟೇಬಲ್ಲು ಬೊಂಬಿನಂಗಡಿಯ ಜಗಲಿಯವರೆಗೂ ಹೋಗಿತ್ತು. ಹಳೇ ಪದ್ಧತಿಯವರೆಂದು ನಾವು ಹೆದರಿದ್ದ ಬೀಗರಲ್ಲಿ ಒಬ್ಬರು ಊಟ ಮುಗಿಸಿ, ನೆರಳು ಚೆನ್ನಾಗಿದೆಯೆಂದು ಅದೇ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಬೇರೆ ಕಡೆ ನೋಡಿದೆ.

ಎರಡನೆಯ ಪಂಕ್ತಿಗೆ ತಾಯಮ್ಮ ಬಂದರು. ಅದೇ ಗಿಣಿಹಸಿರು ಸೀರೆ. ಕೊನೆಯ ಕುರ್ಚಿಯಲ್ಲಿ ಕೂರಲು ಹೋದವರನ್ನು ಮಧ್ಯದಲ್ಲಿ ಕೂತಿದ್ದ ನಮ್ಮ ಅತ್ತೆ ನೋಡಿದರು. ಅತ್ತೆಗೆ ಎಂಬತ್ತೊಂದು. ಕಣ್ಣು ಮಂಜು, ಬಾಯಿ ಮಾತ್ರ ಹಾಗೇ ಇದೆ. ನಾನು ಮುದ್ದೆಯ ತಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟೆ.

“ಏ ತಾಯಮ್ಮ, ಅಲ್ಯಾಕ್ ಕುಂತ್ಕತೀಯ, ಇತ್ಲಾಗ್ ಬಾ,” ಎಂದು ಅತ್ತೆ ಪಕ್ಕದ ಕುರ್ಚಿ ಎಳೆದರು. ತಾಯಮ್ಮ ಬಂದು ಕೂತ ಮೇಲೆ ಅತ್ತೆಯೇ ಕೇಳಿದರು, “ಧಾರೆ ದಿನ ಎಲ್ ಓಗಿದ್ದೆ? ಎಷ್ಟ್ ಉಡುಕ್ದೆ ನಿನ್ನ.”

ತಾಯಮ್ಮ ಒಂದು ಸಲ ನನ್ನ ಮುಖ ನೋಡಿದರು. “ಅಂಗಡಿಗ್ ಯಾರೋ ಬಂದಿದ್ರು ಕಣ್ ದೊಡ್ಡವ್ವ. ಎಂಗ್ ಬುಟ್ ಬರಾದು?”

“ಕಾಯಕ್ ಯೋಳ್ಬೇಕಾಗಿತ್ತು. ಒತ್ಕೊಂಡ್ ಓಗೋ ಆಸಾಮಿ ಏನ್ ಎದ್ದೋಗ್ಬುಡ್ತಿದ್ನಾ?”

ಸುತ್ತ ಕೂತವರೆಲ್ಲ ನಕ್ಕರು. ತಾಯಮ್ಮನೂ ನಕ್ಕರು. ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು. ನಾನು ಅವರ ಎಲೆಗೆ ಮುದ್ದೆ ಇಡಲು ಬಗ್ಗಿದವಳು, ಯಾಕೋ ಇಡಲಾಗದೆ, ಬಗ್ಗಿಕೊಂಡೇ ಹೇಳಿದೆ.

“ಇಲ್ಲ ಅತ್ತೆ. ಅವತ್ತು ಅಂಗಡಿಗೆ ಯಾರೂ ಬಂದಿರಲಿಲ್ಲ. ನಾನೇ ಸರಿಯಾಗಿ ಕರೀಲಿಲ್ಲ. ನೀವು ಬೇಡ ಅಂತೀರೇನೋ ಅಂತ…”

“ನಾನಾ?” ಅತ್ತೆಯ ಕೈ ಸಾರಿನಲ್ಲೇ ನಿಂತಿತು. “ನನ್ನ ಯಾವತ್ ಕೇಳ್ದೆ?”

ಇಷ್ಟು ವರ್ಷದಲ್ಲಿ ಉಪ್ಪಿನಕಾಯಿಗೆ ಎಷ್ಟು ಉಪ್ಪು ಎಂಬುದರಿಂದ ಹಿಡಿದು ಎಲ್ಲವನ್ನೂ ಅವರನ್ನು ಕೇಳಿ ಮಾಡಿದ್ದೇನೆ. ಇದೊಂದನ್ನು ಕೇಳಿರಲೇ ಇಲ್ಲ.

“ನಾನೂ ಗಂಡನ್ ಕಳ್ಕೊಂಡೋಳೆ. ನಾನ್ ಎರೀನಿಲ್ವಾ ಧಾರೆಯ? ನನ್ನೆಸ್ರು ಇಟ್ಕೊಂಡು ನೀನ್ ಎದುರ್ಕೊಂಡ್ಯಾ? ನಿನ್ ಎದ್ರಿಕೆಗೆ ನಿನ್ನೆಸ್ರೇ ಮಡಿಕ್ಕೊ.”

“ಬುಡಿ ದೊಡ್ಡವ್ವ, ಉಣ್ಣೋ ಒತ್ನಲ್ಲಿ,” ಎಂದು ತಾಯಮ್ಮ ಅಡ್ಡ ಬಂದರು. “ಸಾರ್ ಆರೋಯ್ತದೆ. ಸುಸೀಲ, ಮುದ್ದೆ ಇಕ್ಕು. ಒಸಿ ಮೂಳೆ ಇರಾದ್ ನೋಡಿ ಬಡ್ಸು. ಇದು ಬಂಡೂರ್‍ದೇ ಕಣವ್ವ, ಸುಳ್ಳಲ್ಲ.”

ಅತ್ತೆ ಅಷ್ಟಕ್ಕೆ ಬಿಡುವವರಲ್ಲ. “ರಮ್ಯಾ! ಏ ರಮ್ಯಾ! ನಿನ್ ಗಂಡನ್ನೂ ಕರ್ಕೊಂಡ್ ಬಾ ಇಲ್ಲಿ” ಎಂದು ಶಾಮಿಯಾನಕ್ಕೆಲ್ಲ ಕೇಳುವ ಹಾಗೆ ಕೂಗಿದರು. ಬೀಗರ ನಡುವೆ ನಿಂತಿದ್ದ ಮಗಳು, ಅಳಿಯ ಗಾಬರಿಯಿಂದ ಬಂದರು. “ತಾಯಮ್ಮಂಗೆ ಅಡ್ಡಬೀಳಿ.”

ತಾಯಮ್ಮ ಏಳಲು ಹೋದರು, ಕುರ್ಚಿಯ ಹಿಂದೆ ಜಾಗವಿಲ್ಲ. ಬಲಗೈ ಮಣಿಕಟ್ಟಿನವರೆಗೆ ಸಾರು. ಎಡಗೈಯಲ್ಲಿ ಹರಸುವ ಹಾಗಿಲ್ಲ. “ಬ್ಯಾಡ ಕಣವ್ವ, ಕೈ ಎಂಜ್ಲು, ಕೈ ಎಂಜ್ಲು” ಎನ್ನುತ್ತ ಆ ಕೈಯನ್ನು ಗಾಳಿಯಲ್ಲಿ ಮೇಲೆತ್ತಿದರು. ಅಷ್ಟರಲ್ಲಿ ರಮ್ಯ ಬಗ್ಗಿಯೇ ಬಿಟ್ಟಿದ್ದಳು. ತಾಯಮ್ಮ ನನ್ನ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು, ಬೇರೆ ದಾರಿ ಕಾಣದೆ ಮೊಣಕೈಯನ್ನು ಮಡಚಿ, ಅದರಿಂದಲೇ ಅವಳ ತಲೆಯನ್ನು ಮೆಲ್ಲಗೆ ಸವರಿದರು. ಒಂದು ಸಲ ಸವರಿದ್ದು ಸಾಲದೆಂಬಂತೆ ಇನ್ನೊಂದು ಸಲ ಸವರಿದರು.

“ಏಳವ್ವ, ರೇಸ್ಮೆ ಸೀರೆಗೆ ಸಾರು ಮೆತ್ಕತದೆ.”

ರಮ್ಯ ಎದ್ದಳು. ಮಳವಳ್ಳಿಯ ಅಳಿಯ ಮಾತ್ರ, ಸೊಂಟ ಬಗ್ಗಿಸಿದವರು ಬಗ್ಗಿಸಿದ ಹಾಗೆಯೇ, ಆ ಮೊಣಕೈ ತಮ್ಮ ಕಡೆ ಬರಲೆಂದು ಕಾಯುತ್ತ ನಿಂತಿದ್ದರು.